ಖಾಲಿ ಸೀಟುಗಳ ರಿಯಾಯಿತಿ

ಕಾರಿನ ವಿಮೆಯ ಕಂತು ಇಳಿಸುವ ದಾರಿ ತೋರಿಸಿದ ಮಂಡ್ಯದ ಶಾಖಾ ವ್ಯವಸ್ಥಾಪಕರೇ,

ನೀವು ಹೇಳಿಕೊಟ್ಟ ಹಾಗೆಯೇ ನಡೆದುಕೊಂಡೆ. ಪ್ರೀಮಿಯಂ ಕಡಿಮೆಯಾಯಿತು. ನನ್ನ ಕಾರಿಗೆ ಹತ್ತುತ್ತಿದ್ದ ಜನರೂ ಇಲ್ಲವಾದರು. ಮೊದಲನೆಯದಕ್ಕೆ ಧನ್ಯವಾದ, ಎರಡನೆಯದಕ್ಕೆ ಈ ಪತ್ರ. ಮೊದಲು ಕಚೇರಿಗೇ ಬರೆದಿದ್ದೆ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ವಂದನೆಗಳು’ ಎಂದು ಮೊಬೈಲಿಗೆ ಮೆಸೇಜು ಬಂತು. ಅಷ್ಟು ಅಮೂಲ್ಯವಾದದ್ದನ್ನು ನಿಮಗೊಬ್ಬರಿಗೇ ಕೊಡುವುದು ಸರಿಯಲ್ಲವೆಂದು ಈಗ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ನಾನು ಚಿಕ್ಕರಸಿನಕೆರೆಯವಳು, ಮದ್ದೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಪಾಲಿಸಿ ನವೀಕರಿಸಲು ಬಂದಾಗ ಮೊತ್ತ ನೋಡಿ, ಇದನ್ನು ಇಳಿಸಲು ದಾರಿಯಿದೆಯೇ ಎಂದು ಕೇಳಿದವಳು ನಾನೇ. ನೀವು ಬಲು ಸಹನೆಯಿಂದ ವಿವರಿಸಿದಿರಿ. ಸಣ್ಣಪುಟ್ಟ ಗೀರಿನ ಖರ್ಚು ನಾನೇ ಹಾಕಿಕೊಂಡರೆ ಒಂದಿಷ್ಟು ಕಡಿತ. ಕಡಿಮೆ ಓಡಿಸುತ್ತೇನೆಂದು ಬರೆದುಕೊಟ್ಟರೆ ಇನ್ನೊಂದಿಷ್ಟು. ಆಮೇಲೆ ಮನೆಯಲ್ಲಿ ಎಷ್ಟು ಜನ ಎಂದಿರಿ. ಒಬ್ಬಳೇ ಎಂದೆ. “ಮತ್ತೆ ಪ್ಯಾಸೆಂಜರ್ ಕವರ್ ಯಾಕೆ ಮೇಡಂ? ತೆಗೆದುಬಿಡೋಣ” ಎಂದು ಒಂದೇ ಗೀಟಿನಲ್ಲಿ ನನ್ನ ಕಾರಿನ ನಾಲ್ಕು ಸೀಟುಗಳನ್ನು ಹೊಡೆದುಹಾಕಿದಿರಿ. ದಾರಿಯಲ್ಲಿ ಊರವರು ಹತ್ತುತ್ತಾರೆ, ಇಳಿಯುವಾಗ ಸೊಪ್ಪುಸದೆ ಕೊಡುತ್ತಾರೆ ಅಂದೆ. ನಿಮ್ಮ ಪೆನ್ನು ನಿಂತೇಹೋಯಿತು. ಪ್ರತಿಫಲ ಪಡೆದು ಜನರನ್ನು ಸಾಗಿಸಿದರೆ ಅದು ಬಾಡಿಗೆ, ಹೆಚ್ಚುಕಮ್ಮಿಯಾದರೆ ಕ್ಲೇಮು ಸಿಗಲಿಕ್ಕಿಲ್ಲ, ಏನೂ ಮುಟ್ಟಬೇಡಿ, ಆದಷ್ಟೂ ಯಾರನ್ನೂ ಹತ್ತಿಸಿಕೊಳ್ಳಬೇಡಿ ಎಂದಿರಿ.

ಸ್ವಾಮಿ, ಒಂದು ಕಂತೆ ದಂಟಿನ ಸೊಪ್ಪು ಬಾಡಿಗೆಯಾದರೆ, ನೆಂಟರನ್ನು ಮದುವೆಮನೆಗೆ ಕರೆದೊಯ್ದು ಅಲ್ಲಿ ಉಂಡು ಬಂದವರೆಲ್ಲ ಟ್ಯಾಕ್ಸಿಯವರೇ? ನಮ್ಮ ಕಡೆ ಯಾರದ್ದಾದರೂ ಗಾಡಿ ಹತ್ತಿದವರು ಬರಿಗೈಯಲ್ಲಿ ಇಳಿಯುವುದಿಲ್ಲ. ದುಡ್ಡು ಕೊಟ್ಟರೆ ಅವಮಾನ, ಏನೂ ಕೊಡದಿದ್ದರೆ ಅದಕ್ಕಿಂತ ದೊಡ್ಡ ಅವಮಾನ. ಹೀಗಾಗಿ ಹಿಡಿ ಅವರೆಕಾಯೋ ಎರಡು ನಿಂಬೆಹಣ್ಣೋ ಸೀಟಿನ ಮೇಲೆ ಉಳಿಯುತ್ತದೆ. ಇದು ನಿಮ್ಮ ಯಾವ ಕಾಲಮ್ಮಿನಲ್ಲಿ ಬರುತ್ತದೆಂದು ನನಗಂತೂ ಗೊತ್ತಿಲ್ಲ.

ಮದ್ದೂರಿನಲ್ಲಿ ಸೊಪ್ಪು ಮಾರುವ ದೇವಿರಮ್ಮ ದಿನಾ ಬೆಳಿಗ್ಗೆ ನನ್ನ ಪಕ್ಕ ಕೂರುತ್ತಿದ್ದಳು. ಹಿಂದೆ ಟೈಲರ್ ಅಂಕಯ್ಯ. ಅವನಿಗೆ ನನ್ನ ಗೇರು, ಬ್ರೇಕು, ಹಾರನ್ನು ಯಾವುದೂ ಸರಿಯಿರಲಿಲ್ಲ. ಇವಳಿಗೆ ನಾನು ಉಡುವುದು, ಉಣ್ಣುವುದು, ಮದುವೆಯಾಗದೆ ಉಳಿದದ್ದು ಯಾವುದೂ ಸರಿಯಿರಲಿಲ್ಲ. ಊರಿಂದ ಮದ್ದೂರಿನವರೆಗೂ ಇಬ್ಬರ ಕೈಯಲ್ಲೂ ಬೈಸಿಕೊಂಡು ಹೋಗುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ “ಏನವ್ವಾ ಉಂಡೆ ಇವತ್ತು?” ಎಂದು ನನ್ನನ್ನು ಕೇಳಲು ಉಳಿದಿದ್ದವಳು ಆ ದೇವಿರಮ್ಮ ಒಬ್ಬಳೇ. ಮನೆಯಲ್ಲಿ ಮಾತಾಡಲು ಜನವಿಲ್ಲ. ಕೆಲಸದ ಜಾಗದಲ್ಲಿ ‘ಮಾತನಾಡಬಾರದು’ ಎಂದು ಬೋರ್ಡು ಬರೆಸಿ ಹಾಕಿದವಳು ನಾನೇ. ನನ್ನ ದಿನದ ಮಾತೆಲ್ಲ ಆ ಕಾರಿನೊಳಗೇ ಆಗಬೇಕಿತ್ತು.

ಹತ್ತಿಸಿಕೊಳ್ಳಬೇಡಿ ಎಂಬ ನಿಮ್ಮ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಕ್ಲೇಮಿನ ಭಯಕ್ಕೆ, ಇನ್ನು ಮೇಲೆ ಸೊಪ್ಪು ಕೊಡಬೇಡ ದೊಡ್ಡವ್ವಾ, ವಿಮೆ ಆಫೀಸಿನವರು ಅದನ್ನು ಬಾಡಿಗೆ ಅಂತಾರೆ ಎಂದು ದೇವಿರಮ್ಮನಿಗೆ ಹೇಳಿದೆ. ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ಕಾರು ನಿಲ್ಲಿಸಿ ಬಾಗಿಲು ತೆಗೆದರೆ ಮುಖ ಆ ಕಡೆ ತಿರುಗಿಸಿದಳು. ಅಂಕಯ್ಯನೂ ಅವಳ ಹಿಂದೆಯೇ ನಿಂತಿದ್ದ. ಇಳಿದು ಹೋಗಿ ಕೈ ಹಿಡಿದು ಕರೆದೆ.

“ಸೊಪ್ಪು ಕೊಟ್ರೆ ನಿಂಗೆ ತೊಂದ್ರೆ. ಕೊಡ್ದೆ ಅತ್ತುದ್ರೆ ನಂಗೆ ಮರ್ವಾದಿ ಇಲ್ಲ ಕಣವ್ವ. ನೀ ಓಗು, ಬಸ್ ಬತ್ತದೆ” ಎಂದಳು.

ಕೋಪವಿರಲಿಲ್ಲ ಅವಳಿಗೆ. ಕೋಪವಿದ್ದಿದ್ದರೆ ಕಾಲು ಹಿಡಿದಾದರೂ ಕರೆತರುತ್ತಿದ್ದೆ. ನನಗೆ ತೊಂದರೆಯಾಗಬಾರದೆಂದು ನನ್ನಿಂದ ದೂರ ನಿಂತವಳನ್ನು ಏನೆಂದು ಒಪ್ಪಿಸಲಿ? ಆ ಬಸ್ಸು ತುಂಬಿಕೊಂಡು ಬಂದು ನಿಲ್ಲದೆ ಹೋಯಿತು. ನಾಲ್ಕು ಸೀಟು ಖಾಲಿಯಿದ್ದ ಕಾರನ್ನು ಅದರ ಹಿಂದೆಯೇ ಓಡಿಸಿಕೊಂಡು ನಾನೂ ಹೋದೆ. ಇವತ್ತಿಗೂ ಹಾಗೆಯೇ ಹೋಗುತ್ತಿದ್ದೇನೆ.

ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟರೆ, ಯಾರೋ ಬೆಲ್ಟಿಲ್ಲದೆ ಕೂತಿದ್ದಾರೆಂದು ಕಾರು ಬಡಕೊಳ್ಳುತ್ತದೆ. ಬ್ಯಾಗಿಗೆ ಬೆಲ್ಟು ಹಾಕುತ್ತೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊನ್ನೆ ಅದರ ಜೊತೆ ಮಾತಾಡಿದೆ. ನಿಮ್ಮ ಲೆಕ್ಕದಲ್ಲಿ ಓಡಾಡದವರಿಗೆ ರಿಯಾಯಿತಿ, ಯಾರನ್ನೂ ಕೂರಿಸದವರಿಗೆ ರಿಯಾಯಿತಿ, ಕ್ಲೇಮು ಕೇಳದವರಿಗೆ ಬೋನಸ್ಸು. ಮನೆ ಬಿಟ್ಟು ಹೊರಗೇ ಬರದವರಿಗೆ ಏನು ಕೊಡುತ್ತೀರಿ, ಸನ್ಮಾನವೇ? ನನಗೆ ಉಳಿದ ದುಡ್ಡಿನಲ್ಲಿ ಒಂದು ಜೊತೆ ಚಪ್ಪಲಿ ಬಂತು. ಹಾಕಿಕೊಂಡು ಯಾರ ಮನೆಗೆ ಹೋಗಬೇಕೆಂದು ಮಾತ್ರ ತಿಳಿಯಲಿಲ್ಲ.

ಆದ್ದರಿಂದ ಕೇಳುತ್ತೇನೆ: ತೆಗೆದುಹಾಕಿದ ಪ್ರಯಾಣಿಕರ ವಿಮೆಯನ್ನು ಮತ್ತೆ ಸೇರಿಸಿ, ಅದಕ್ಕೆಷ್ಟು ಬೇಕೋ ಅಷ್ಟೂ ಕಟ್ಟುತ್ತೇನೆ. ನಿಮ್ಮ ಪಾಲಿಸಿಯಲ್ಲಿ ಅವರನ್ನು ‘ಹೆಸರಿಸದ ಪ್ರಯಾಣಿಕರು’ ಎನ್ನುತ್ತೀರಂತೆ, ಬೇಕಿದ್ದರೆ ಹೆಸರು ನಾನು ಕೊಡುತ್ತೇನೆ. ಒಂದು ಕಂತೆ ಸೊಪ್ಪು ಬಾಡಿಗೆಯಲ್ಲ ಎಂದು ಕಚೇರಿಯ ಸೀಲು ಹಾಕಿ ಬರೆದುಕೊಡಿ. ಅಷ್ಟೇ ಸಾಲದು. ಒಂದು ಬೆಳಿಗ್ಗೆ ನೀವೇ ನಮ್ಮ ಬಸ್ ಸ್ಟಾಪಿಗೆ ಬಂದು ಎಲ್ಲರ ಕಣ್ಣೆದುರು ನನ್ನ ಕಾರು ಹತ್ತಬೇಕು. ಹತ್ತಿದರೆ ತೊಂದರೆಯಿಲ್ಲವೆಂದು ನಾನು ಎಷ್ಟು ಹೇಳಿದರೂ ನಂಬದವರು, ವಿಮೆ ಆಫೀಸಿನವರೇ ಕೂತದ್ದನ್ನು ಕಂಡರೆ ನಂಬಿಯಾರು. ಹಿಂದೆ ಕೂರಿ, ಮುಂದಿನ ಸೀಟು ದೇವಿರಮ್ಮನದು. ಅವಳು ಅಂದೂ ಹತ್ತದಿದ್ದರೆ ನೀವಾದರೂ ಮದ್ದೂರಿನವರೆಗೆ ಜೊತೆಗೆ ಬನ್ನಿ, ಏನಾದರೂ ಮಾತಾಡಿ.

ಇಂತಿ,
ನಿಮ್ಮ ಸಲಹೆಯಂತೆ ಯಾರನ್ನೂ ಹತ್ತಿಸಿಕೊಳ್ಳದೆ ಓಡಾಡುತ್ತಿರುವ,
ವಾಹನದ ಮಾಲೀಕಳೂ ಅದರ ಏಕೈಕ ಪ್ರಯಾಣಿಕಳೂ ಆದ
ಸುನಿತಾ, ಚಿಕ್ಕರಸಿನಕೆರೆ