ಕುಲುಮೆಯವನ ಹೆಂಡತಿ

ಮಂಗಳವಾರ, ೧೧ನೇ ತಾರೀಖು
ಆಸ್ಪತ್ರೆಯ ನನ್ನ ಕೋಣೆಯಿಂದ

ಪ್ರೀತಿಯ ಐಸ್‌ಕ್ಯಾಂಡಿ,

ನೀನು ಹೊಸ ಆಸ್ಪತ್ರೆಗೆ ಹೋಗಿ ಆರು ವಾರವಾಯಿತು, ಈಗ ಬರೆಯುತ್ತಿದ್ದೇನೆ, ಬೈಯಬೇಡ. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಎರಡು ಮಹಡಿ ಹತ್ತಿ ಬಂದರೂ ಏದುಸಿರಿಲ್ಲ. "ಅವರಿಗೊಂದು ಥ್ಯಾಂಕ್ಸ್ ಹೇಳೋಕೆ ನಿಮಗೆ ಇಷ್ಟು ದಿನ ಬೇಕಾ?" ಎಂದು ದಿನಾ ಕುಟುಕುತ್ತಾಳೆ. ತಗೋ, ಥ್ಯಾಂಕ್ಸ್.

ಇನ್ನು ನಿಜ ಹೇಳುತ್ತೇನೆ. ನನಗೆ ಹೊಟ್ಟೆಕಿಚ್ಚು ಕಣಯ್ಯ.

ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ, ಅವಳಿಗೂ ಇದ್ದ ಈ ಕಾಯಿಲೆಗೆ ಇಪ್ಪತ್ತು ವರ್ಷದಿಂದ ನಾನು ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಏರಿಸಿ, ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯ ಸುತ್ತ ಚುಕ್ಕೆ ಚುಕ್ಕೆಯಾಗಿ ಸುಡುತ್ತಾ ಬಂದವನು. ಮೂರು ಗಂಟೆಯ ಕುಸುರಿ ಕೆಲಸ. ನೀನು ಅದೇ ಬಾಯಿಗೆ ಒಂದು ಬಲೂನು ಉಬ್ಬಿಸಿಟ್ಟು, ಸುತ್ತಲೂ ಒಂದೇ ಸಲಕ್ಕೆ ಮಂಜಿನಂತೆ ಹೆಪ್ಪುಗಟ್ಟಿಸಿ, ಒಂದೂವರೆ ಗಂಟೆಗೆ ಕೈ ತೊಳೆದು ಕಾಫಿ ಕುಡಿಯುತ್ತೀಯ. ನರ್ಸಮ್ಮಂದಿರು ನನಗೆ ಕುಲುಮೆ, ನಿನಗೆ ಐಸ್‌ಕ್ಯಾಂಡಿ ಅಂತ ಹೆಸರಿಟ್ಟಾಗ ನಾನೂ ನಕ್ಕಿದ್ದೆ. ಐಸ್‌ಕ್ಯಾಂಡಿ ಯಾರಿಗೆ ತಾನೇ ಬೇಡ!

ನಮ್ಮಿಬ್ಬರ ಹೋಲಿಕೆಯ ಪಟ್ಟಿ ಮುಗಿಸಿದ್ದೇನೆ. ತಲಾ ಅರವತ್ತು ರೋಗಿಗಳು. ವರ್ಷ ಕಳೆದ ಮೇಲೂ ಬಡಿತ ನೆಟ್ಟಗಿರುವವರು ನನ್ನ ಕಡೆ ನಲವತ್ಮೂರು, ನಿನ್ನ ಕಡೆ ನಲವತ್ನಾಲ್ಕು. ಎರಡೂ ಒಂದೇ ಎಂದು ಬರೆದು ಸಹಿ ಹಾಕಿದೆ. ಹಾಕುವ ಮುಂಚೆ ನಿನ್ನ ಕಡೆ ಹೆಚ್ಚಾದ ಆ ಒಬ್ಬರನ್ನು ಹುಡುಕುತ್ತಾ ನಿನ್ನ ಫೈಲುಗಳನ್ನೆಲ್ಲ ಎರಡು ಸಲ ತಿರುವಿಹಾಕಿದೆ. ನಿನ್ನ ಚಳಿಗೆ ಉಸಿರಾಟದ ನರ ಮರಗಟ್ಟಿದವರು ಇಬ್ಬರು ಸಿಕ್ಕರು, ಖುಷಿಯಾಯಿತು. ತಿಂಗಳೊಳಗೆ ಇಬ್ಬರೂ ಹುಷಾರಾದರು ಎಂದು ಮುಂದಿನ ಪುಟದಲ್ಲಿತ್ತು, ಬೇಜಾರಾಯಿತು. ನಾನೆಂಥ ಡಾಕ್ಟರು ನೋಡು.

ಹಿತ್ತಲ ಗಿಡ ಮದ್ದಲ್ಲ, ಗೊತ್ತು. ಸ್ವಂತ ಹೆಂಡತಿಯ ಹೃದಯಕ್ಕೆ ನಾನೇ ಕೈ ಹಾಕಬಾರದು, ಅದೂ ಗೊತ್ತು. ಆದರೆ ನನ್ನ ಕೈಯಲ್ಲೇ ಪಳಗಿದ ಜೂನಿಯರ್ ಡಾಕ್ಟರಮ್ಮ ಇದ್ದಳಲ್ಲ? "ಬೇಡ ರೀ, ನಾನು ಅವರ ಹತ್ರಾನೇ ಮಾಡಿಸ್ಕೋತೀನಿ" ಅಂದುಬಿಟ್ಟಳು ನಿನ್ನ ಅತ್ತಿಗೆ. ಅವತ್ತು ನೀನು ಹೊರಗೆ ಬಂದು, ಟೋಪಿ ತೆಗೆದು, "ಮುಗೀತು ಕಣೋ" ಅಂದಾಗ ನಾನು ಮೊದಲು ನೋಡಿದ್ದು ಗೋಡೆಯ ಗಡಿಯಾರ. ಎಂಬತ್ತೈದು ನಿಮಿಷ. ಅವಳು ಹೇಗಿದ್ದಾಳೆ ಅಂತ ಕೇಳಿದ್ದು ಆಮೇಲೆ. ಈಗ ಪಕ್ಕದ ಮನೆಯವರ ಮುಂದೆ ದಿನಾ ನಿನ್ನ ಗುಣಗಾನ: "ಎಷ್ಟು ಸಮಾಧಾನವಾಗಿ ಕೇಳಿಸ್ಕೋತಾರೆ ಗೊತ್ತಾ?" ಒಳಗೆ ಕೂತು ಪೇಪರ್ ಓದುತ್ತಿದ್ದರೂ ನನಗೆ ಮೈಯೆಲ್ಲ ಉರಿಯುತ್ತದೆ.

ಪಟ್ಟಿ ಇದರ ಜೊತೆಗಿದೆ. ನೀನೂ ಸಹಿ ಹಾಕಿ ಕಳಿಸು. ನಿನ್ನ ಕೈಗುಣ ಹೀಗೇ ಇರಲಿ, ನೂರು ಕಾಲ ಬಾಳು.

ನಿನ್ನ,
ಕುಲುಮೆ

ಇನ್ನೊಂದು ಮಾತು: ನಿನ್ನೆ ಅವಳ ಮಾತ್ರೆ ಎಷ್ಟು ಹೊತ್ತಿಗೆ ಅಂತ ನೋಡಲು ಫೈಲು ತೆಗೆದೆ. ಮೊದಲ ಪುಟದಲ್ಲಿ ನಿನ್ನ ಕೈಬರಹ. "ನಾಲ್ಕು ವರ್ಷದಿಂದ ಆಗಾಗ ಬಡಿತ ತಪ್ಪುತ್ತದೆ. ಮನೆಯಲ್ಲಿ ಹೇಳಿಲ್ಲ." ನನಗೆ ಅವಳು ಹೇಳಿದ್ದು ಮೂರು ತಿಂಗಳ ಹಿಂದೆ, ಬೆಳಿಗ್ಗೆ ಬಾಗಿಲಲ್ಲಿ ಕೂತು ನಾನು ಶೂ ಕಟ್ಟಿಕೊಳ್ಳುತ್ತಿದ್ದಾಗ. ತಲೆಯೆತ್ತದೆ, "ನಿನ್ನೆಯಿಂದಾನಾ?" ಅಂತ ಕೇಳಿದ್ದೆ.

"ಹೂಂ" ಅಂದಿದ್ದಳು.