ಒಂಬತ್ತು ವಿಮಾನ, ಅಂಟಿಕೊಂಡ ಒಂದು ಗುಂಡಿ

ಪ್ರೀತಿಯ ಅಮ್ಮನಿಗೆ,

ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಕಡಿಮೆಯಾದೀತು. ಕ್ಷೇಮಕ್ಕಿಂತ ಒಂದು ಕೈ ಮೇಲೆಯೇ ಇದ್ದೇನೆ. ಪಾಸಾದೆ, ಅಮ್ಮ. ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ಅಕ್ಕ ಉಪ್ಪುಖಾರ ಸೇರಿಸುತ್ತಾಳೆ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ "ನಿಂಗೆ ಅರ್ಥ ಆಗಲ್ಲ ಬಿಡಮ್ಮ" ಎಂದು ಮಾತು ಹಾರಿಸುತ್ತಿದ್ದೆ. ನಿನ್ನಷ್ಟು ಚೆನ್ನಾಗಿ ಅರ್ಥವಾಗುವವರು ಇನ್ಯಾರಿದ್ದಾರೆ? ಕಿಟಕಿಯಿಲ್ಲದ ಒಂದು ತಣ್ಣನೆಯ ಕೋಣೆ. ಎದುರಿಗೆ ಪರದೆ, ಅದರ ಮೇಲೆ ವಿಮಾನಗಳ ಚುಕ್ಕೆಗಳು. ಗುಂಡಿ ಒತ್ತಿ ನಾನು ಹೇಳಬೇಕು: ಇಷ್ಟು ಎತ್ತರಕ್ಕೆ ಇಳಿಯಿರಿ, ಈ ಕಡೆ ತಿರುಗಿ. ಪೈಲಟ್ ಅದನ್ನೇ ಮಗ್ಗಿಯ ಹಾಗೆ ತಿರುಗಿ ಒಪ್ಪಿಸಬೇಕು. ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು; ಒಬ್ಬರ ಗುಂಡಿ ಒತ್ತಿದ್ದರೆ ಉಳಿದವರ ಬಾಯಿಗೆಲ್ಲ ಬೀಗ. ಆಡಬೇಕಾದ ಮಾತುಗಳೆಲ್ಲ ಇಂಗ್ಲಿಷ್ ಪುಸ್ತಕವೊಂದರಲ್ಲಿವೆ. ನಿನಗಾಗಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ಪುಸ್ತಕವಿದ್ದರೂ ಜನ ಸುಮ್ಮನಿರಬೇಕಲ್ಲ! ಹೋದ ತಿಂಗಳು ನಮ್ಮ ಹಿರಿಯರೊಬ್ಬರು, ರನ್‌ವೇ ಮೇಲೆ ನಾಯಿಯಿದೆ, ಸ್ವಲ್ಪ ಕಾಯಿರಿ ಎಂದರು. ನಾಯಿಗೆ ಅನುಮತಿ ಕೊಟ್ಟವರು ಯಾರು ಎಂದು ಪೈಲಟ್ ಕೇಳಿದ. "ಅದು ನಿಮಗಿಂತ ಮೊದಲು ಬಂದಿದೆ, ಸಾಲಲ್ಲಿ ಬನ್ನಿ," ಎಂದರು ಇವರು. ಎಲ್ಲರೂ ನಕ್ಕೆವು. ನಾನು ನಗುತ್ತಲೇ ಹೊಟ್ಟೆಕಿಚ್ಚು ಪಟ್ಟೆ, ಏಕೆಂದರೆ ಗುಂಡಿ ಒತ್ತಿದರೆ ನನಗೆ ಪುಸ್ತಕದ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ.

ಕಂಟ್ರೋಲರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದು ಅದಕ್ಕೇ. ಮೊದಲ ಸಲ ದನಿ ಗಂಟಲಲ್ಲೇ ಉಳಿಯಿತು. ಪ್ರತಿ ಪೈಲಟ್ ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ ಎಂದ. ಎರಡನೆಯ ಸಲ ಒಬ್ಬ ಕ್ಯಾಪ್ಟನ್ ಸಿಡುಕಿದ, ನಾನು ಹತ್ತು ಸೆಕೆಂಡು ಮೂಕಿಯಾದೆ. ಅಷ್ಟರಲ್ಲಿ ವಿಮಾನ ಒಂದು ಕಿಲೋಮೀಟರಿಗೂ ಹೆಚ್ಚು ಸಾಗಿರುತ್ತದೆ. ಮೂರನೆಯದೇ ಕೊನೆಯ ಅವಕಾಶ. ತಪ್ಪಿದರೆ ಹೆಡ್‌ಫೋನು ವಾಪಸ್ಸು ಕೊಟ್ಟು ಕಡತಗಳ ವಿಭಾಗಕ್ಕೆ ಹೋಗಬೇಕಿತ್ತು. ನಿನಗೆ ಇದನ್ನು ಹೇಳಿರಲಿಲ್ಲ.

ಕಳೆದ ಸೋಮವಾರ ಮಧ್ಯಾಹ್ನ ಆ ಪರೀಕ್ಷೆ. ಹಿಂದೆ ಕುಳಿತವರು ಪರೀಕ್ಷಕರು. ನಾವು ಅವರಿಗಿಟ್ಟ ಹೆಸರು ಗಂಟುಮೋರೆ. ರನ್‌ವೇ ಮೇಲೆ ಗುಡುಗುಮೋಡ ಪಟ್ಟಾಗಿ ಕೂತಿತ್ತು. ಒಂಬತ್ತು ವಿಮಾನಗಳನ್ನು ಒಂದರ ಮೇಲೊಂದು, ಸಾವಿರ ಸಾವಿರ ಅಡಿ ಅಂತರದಲ್ಲಿ ಸುತ್ತಿಸುತ್ತಿದ್ದೆ. ದನಿ ಆಗಲೇ ಇಳಿಯತೊಡಗಿತ್ತು. ಕೊನೆಗೂ ಮೋಡ ಸರಿಯಿತು. ಎಲ್ಲಕ್ಕಿಂತ ಕೆಳಗಿನ ವಿಮಾನವನ್ನು ಕರೆಯಬೇಕು ಎನ್ನುವಷ್ಟರಲ್ಲಿ ಯಾರದೋ ಗುಂಡಿ ಅಂಟಿಕೊಂಡಿತು. ತನ್ನ ಮಾತು ಊರಿಗೆಲ್ಲ ಕೇಳಿಸುತ್ತಿದೆ ಎಂಬುದು ಆ ಪುಣ್ಯಾತ್ಮನಿಗೆ ಗೊತ್ತಿಲ್ಲ. ಬಿಸ್ಕತ್ತಿನ ಪೊಟ್ಟಣ ಹರಿದ ಸದ್ದು. ಆಮೇಲೆ, "ಈ ಹುಡುಗಿ ದನಿ ಕೇಳಿದ್ರೆ ನಂಗೆ ನಿದ್ದೆ ಬರುತ್ತೆ. ಸುತ್ತಿಸ್ಲಿ ಬಿಡು. ಮನೆಗೆ ಅತ್ತೆ ಬರ್ತಿದ್ದಾರೆ, ಒಂದು ತಿಂಗಳಂತೆ. ಇನ್ನೆರಡು ಸುತ್ತಾದ್ರೂ ನಂಗೇನೂ ಬೇಜಾರಿಲ್ಲ."

ಬರೋಬ್ಬರಿ ಐವತ್ತು ಸೆಕೆಂಡು. ನಾನು ಏನು ಹೇಳಿದರೂ ಯಾರಿಗೂ ತಲುಪದು. ಆ ದನಿ ಯಾರದೆಂದು ಗೊತ್ತಾಯಿತು: ಎಲ್ಲರಿಗಿಂತ ಮೇಲೆ ಸುತ್ತುತ್ತಿದ್ದವರು, ಸರದಿಯಲ್ಲಿ ಹೇಗೂ ಕೊನೆಯವರು. ಕಿವಿಯಲ್ಲಿ ಟಕ್ ಎಂದಿತು, ಗುಂಡಿ ಬಿಟ್ಟಿತು. ಉಳಿದ ಎಂಟು ವಿಮಾನಗಳು ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದವು. ಬೆನ್ನ ಹಿಂದೆ ಗಂಟುಮೋರೆಯ ಪೆನ್ನು ನಿಂತಿತ್ತು.

ನಾನು ಗುಂಡಿ ಒತ್ತಿದೆ. "ಎಲ್ಲ ವಿಮಾನಗಳಿಗೆ. ಒಬ್ಬರ ಗುಂಡಿ ಅಂಟಿಕೊಂಡಿತ್ತು, ಎಲ್ಲರೂ ನಿಮ್ಮ ನಿಮ್ಮದು ನೋಡ್ಕೊಳ್ಳಿ. ರನ್‌ವೇ ತೆರೆದಿದೆ, ಕೆಳಗಿಂದ ಒಬ್ಬೊಬ್ಬರನ್ನೇ ಕರೀತೀನಿ. ಅತ್ತೆ ಬರ್ತಾರೆ ಅಂತ ಮೇಲೇ ಉಳಿದಿರೋರಿಗೆ ಅವಸರ ಇಲ್ವಂತೆ, ಅವರು ಒಂಬತ್ತನೆಯವರು. ಉಳಿದೋರು ಎಚ್ಚರ ಇದ್ದೀರಾ?"

ಹೇಳುವಾಗ ನೀನು ನೆನಪಾಗಲಿಲ್ಲ, ಸುಳ್ಳೇಕೆ ಹೇಳಲಿ. ಹೇಳಿ ಮುಗಿಸಿದ ಮೇಲೆ ಮೈ ಜುಮ್ಮೆಂದಿತು. ಬಸ್ ನಿಲ್ದಾಣದ ಆ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಇಪ್ಪತ್ತಾರು ವರ್ಷ ಕೂತವಳು ನೀನು, ಎಲ್ಲರ ಬಾಯಲ್ಲೂ ಕಂಟ್ರೋಲರಮ್ಮ. ಎರಡು ಬಸ್ಸು ಒಂದೇ ಜಾಗಕ್ಕೆ ನುಗ್ಗಿ ಹಾರನ್ ಬಾರಿಸುತ್ತಿದ್ದರೆ, "ಡ್ರೈವರಣ್ಣ, ಹಾರನ್ ನಿಮ್ಮದು, ಕಿವಿ ನಮ್ಮದು. ಎರಡು ಹೆಜ್ಜೆ ಹಿಂದಕ್ಕೆ ತಗೊಳ್ಳಿ," ಎನ್ನುತ್ತಿದ್ದೆ. ನಿಲ್ದಾಣವೇ ನಗುತ್ತಿತ್ತು, ಜಗಳಕ್ಕೆ ನಿಂತ ಡ್ರೈವರು ನಾಚಿಕೊಂಡು ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದ. ನಾನು ಶಾಲೆಯ ಚೀಲ ಹೊತ್ತು ಕಂಬದ ಮರೆಯಲ್ಲಿ ನಿಂತು ಅವಮಾನದಿಂದ ಕುಗ್ಗುತ್ತಿದ್ದೆ. ಅದೇ ದನಿ, ಅದೇ ಗತ್ತು, ಈಗ ನನ್ನ ಗಂಟಲಿನಿಂದ ಹೊರಟಿತ್ತು.

ಎಲ್ಲಕ್ಕಿಂತ ಕೆಳಗಿನದನ್ನು ಕರೆದು ದಾರಿ ಹೇಳಿದೆ, ಆ ಮೊದಲ ವಿಮಾನ ಒಪ್ಪಿಸಿತು: "ಎಡಕ್ಕೆ ತಿರುಗ್ತಿದ್ದೀವಿ, ಮೂರು ಸಾವಿರ ಅಡಿಗೆ ಇಳೀತಿದ್ದೀವಿ, ಪೂರ್ತಿ ಎಚ್ಚರ ಇದ್ದೀವಿ." ಎರಡನೆಯದೂ ಹಾಗೆಯೇ, ಮೂರನೆಯದೂ. ನಾಲ್ಕನೆಯದರಲ್ಲಿದ್ದ ಮಹಿಳಾ ಕ್ಯಾಪ್ಟನ್ ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, ತಮ್ಮ ಅತ್ತೆ ಹಿಂದಿನ ಸೀಟಿನಲ್ಲೇ ಇದ್ದಾರೆ, ತಮ್ಮನ್ನಂತೂ ಬೇಗ ಇಳಿಸಬೇಕು ಎಂದರು. ಯಾರೂ ಇನ್ನೊಮ್ಮೆ ಹೇಳಿ ಎನ್ನಲಿಲ್ಲ, ಅಮ್ಮ. ಒಬ್ಬರೂ ಅನ್ನಲಿಲ್ಲ. ಕೊನೆಗೆ ಮೇಲಿನವರು: "ಒಂಬತ್ತನೆಯವನು ನಾನೇ. ನಿದ್ದೆ ಹಾರಿಹೋಗಿದೆ. ಕ್ಷಮಿಸಿ ಮೇಡಂ."

ಅರ್ಧ ಗಂಟೆಯೊಳಗೆ ಒಂಬತ್ತೂ ಸುರಕ್ಷಿತವಾಗಿ ನೆಲ ಮುಟ್ಟಿದವು. ಹೆಡ್‌ಫೋನು ತೆಗೆದಿಟ್ಟೆ. ಪುಸ್ತಕದಲ್ಲಿಲ್ಲದ ಮಾತು ಆಡಿದ್ದಕ್ಕೆ ಒಂದು ಅಂಕ ಹೋಯಿತು ಎಂದು ಗಂಟುಮೋರೆ ಮೊದಲಿಗೆ ಹೇಳಿದರು. ಉಳಿದದ್ದೆಲ್ಲ ಪೂರ್ತಿ. ಸಹಿ ಹಾಕುತ್ತಾ, "ಇದನ್ನ ಯಾರು ಕಲಿಸಿದ್ದು?" ಎಂದು ಕೇಳಿದರು.

ಈಗ ಒಂದು ತಪ್ಪೊಪ್ಪಿಗೆ. ಇಲ್ಲಿ ಎಲ್ಲರಿಗೂ ನೀನು ಸಾರಿಗೆ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದೆ ಎಂದು ಬೊಗಳೆ ಬಿಟ್ಟಿದ್ದೆ. ಆ ಕ್ಷಣ ಕೋಣೆಯ ತುಂಬ ಜನರಿದ್ದರು. ಎದ್ದು ನಿಂತು ಹೇಳಿದೆ: "ನಮ್ಮಮ್ಮ, ಸರ್. ಬಸ್ ಸ್ಟ್ಯಾಂಡಲ್ಲಿ ಮೈಕ್ ಹಿಡಿದು ಬಸ್ ಬಿಡ್ತಿದ್ರು. ನಾನು ಇಷ್ಟು ದಿನ ನಿಮಗೆಲ್ಲ ಸುಳ್ಳು ಹೇಳಿದ್ದೆ."

ಗಂಟುಮೋರೆ ಪೆನ್ನಿನ ಮುಚ್ಚಳ ಹಾಕಿದರು. "ಕರ್ಕೊಂಡ್ ಬಾ ಅವರನ್ನ. ಹೊಸಬರಿಗೆ ಒಂದು ಗಂಟೆ ಪಾಠ ಮಾಡ್ಲಿ."

ತಮಾಷೆಯಲ್ಲ, ಅಮ್ಮ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಮಯ ಗೊತ್ತುಮಾಡಿ ಹಲಗೆಯ ಮೇಲೆ ಬರೆದೂ ಆಗಿದೆ. ಹೋಗಮ್ಮಾ, ನನಗೇನು ಗೊತ್ತು ಎಂದು ನುಣುಚಿಕೊಳ್ಳಬೇಡ. ಹನ್ನೆರಡು ಜನ ಕಲಿಯಲು ಕೂತಿರುತ್ತಾರೆ. ನಿನ್ನನ್ನು ಪರಿಚಯಿಸುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಕೊನೆಯ ಸಾಲಿಗೂ ಕೇಳಿಸುವ ಹಾಗೆ ನಾನೇ ಹೇಳುತ್ತೇನೆ, ಇವರು ನನ್ನ ತಾಯಿ ಎಂದು.

ನೂರು ಕಾಲ ಹೀಗೇ ಗಟ್ಟಿಯಾಗಿರು, ನನ್ನ ತಲೆಯ ಮೇಲೆ ನಿನ್ನ ಕೈಯಿರಲಿ.

ಇಂತು,
ಕಂಟ್ರೋಲರಮ್ಮನ ಕಿರಿಮಗಳು, ಈಗ ತಾನೂ ಕಂಟ್ರೋಲರು