ದೆವ್ವದ ಪಾತ್ರಕ್ಕೆ ನಿನ್ನ ಮುಖ ಕೇಳಿದಾಗ

ಪ್ರೀತಿಯ ಸರೋಜತ್ತೆ,

ನಾನು ಯಲಹಂಕದ ಹತ್ತಿರ ಒಂದು ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದೇನೆ. ಸೇರಿದ್ದು ನೀನು ಹೋದ ಮೇಲೆ, ಅದಕ್ಕೇ ನಿನಗೆ ಗೊತ್ತಿಲ್ಲ. ನೀನಿದ್ದಿದ್ದರೆ, "ಸಿನಿಮಾನ ನೋಡ್ತಾರೆ, ಅದರಲ್ಲಿ ಓದೋದೇನಿದೆಯೇ?" ಅನ್ನುತ್ತಿದ್ದೆ. ಆಮೇಲೆ ಫೀಸು ಕಟ್ಟೋಕೆ ಅಪ್ಪನ್ನ ಒಪ್ಪಿಸುವವಳೂ ನೀನೇ ಆಗುತ್ತಿದ್ದೆ.

ಚಿಕ್ಕಬಾಣಾವರದ ಮನೆಯಲ್ಲಿ ಆ ಭಾನುವಾರದ ಮಧ್ಯಾಹ್ನಗಳು ನೆನಪಿದೆಯಾ? ನೀನು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿರುತ್ತಿದ್ದೆ. ನಾನು ನಿನ್ನ ಬೆನ್ನಿಗೆ ಮುಖ ಒತ್ತಿಕೊಂಡು, ಒಂದೇ ಕಣ್ಣಲ್ಲಿ ಟೀವಿಯ ದೆವ್ವದ ಸಿನಿಮಾ ನೋಡುತ್ತಿದ್ದೆ. ನಿನಗೆ ಭಯವೇ ಇರಲಿಲ್ಲ. "ಪಾಳುಮನೇಲಿ ಓಡಾಡ್ತಾಳೆ, ಬಿಳಿ ಸೀರೆ ಮೇಲೆ ಒಂದ್ ಕಲೆನೂ ಇಲ್ಲ ನೋಡು. ಯಾರು ಒಗೆದು ಕೊಡ್ತಾರೆ ಇವಳಿಗೆ?" ಅನ್ನುತ್ತಿದ್ದೆ. ಇನ್ನೊಂದು ಸಲ ಸೂಜಿ ನಿಲ್ಲಿಸಿ, "ಅಲ್ಲ ಕಣೇ, ಯಾವಾಗ್ಲೂ ಹೆಂಗಸರೇ ಯಾಕೆ ದೆವ್ವ ಆಗ್ಬೇಕು? ಗಂಡಸ್ರಿಗೆ ಸತ್ತ ಮೇಲೂ ರಜಾನಾ?" ಎಂದು ಕೇಳಿದ್ದೆ. ನಾನು ನಕ್ಕು ನಕ್ಕು ಭಯವನ್ನೇ ಮರೆತಿದ್ದೆ.

ನನಗೆ ಬುದ್ಧಿ ಬರುವ ಹೊತ್ತಿಗಾಗಲೇ ನಿನ್ನ ಮುಖದ ಮೇಲೆ ಬಿಳಿ ಮಚ್ಚೆಗಳಿದ್ದವು. ಬಾಯಿಯ ಸುತ್ತ, ಒಂದು ಕಣ್ಣಿನ ಕೆಳಗೆ, ಎರಡೂ ಕೈಗಳಲ್ಲಿ. ಬೀದಿಯವರು ತೊನ್ನು ಅಂತ ದನಿ ತಗ್ಗಿಸಿ ಹೇಳುತ್ತಿದ್ದರು. ಕೆಲವು ಮಕ್ಕಳು ನಿನ್ನನ್ನು ನೋಡಿ ಗೇಟು ಹಾಕಿಕೊಂಡು ಓಡುತ್ತಿದ್ದವು. ನನಗೆ ಅದು ನನ್ನತ್ತೆಯ ಮುಖ, ಅಷ್ಟೇ. ಬೇರೆ ಹೇಗಾದರೂ ಇರಬಹುದಿತ್ತು ಅಂತ ನಾನು ಯೋಚಿಸಿದ್ದೇ ಇಲ್ಲ.

ಈ ವರ್ಷದ ಮೊದಲ ಪಾಠದ ದಿನ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. ದೆವ್ವದ ಸಿನಿಮಾ ಒಂದರ ಆರಂಭ ಮಾತ್ರ ಮಾಡಬೇಕು, ಮೂರೇ ನಿಮಿಷ. "ನೋಡೋರು ಏನೇನು ನಿರೀಕ್ಷೆ ಮಾಡ್ತಾರೋ ಅದನ್ನೆಲ್ಲ ಕೊಡಿ. ಆದರೆ ಅವರು ನಿರೀಕ್ಷೆ ಮಾಡದೇ ಇರೋ ಕಡೆ ಕರ್ಕೊಂಡು ಹೋಗಿ ನಿಲ್ಲಿಸಿ," ಅಂದರು. ನಮ್ಮ ಗುಂಪಿನಲ್ಲಿ ಮೂವರು. ಕ್ಯಾಮೆರಾಕ್ಕೆ ಆರ್.ಟಿ. ನಗರದ ಇರ್ಫಾನ್, ಸೌಂಡಿಗೆ ದೀಪಾ, ನಿರ್ದೇಶನಕ್ಕೆ ನಾನು. ರಾಜಾನುಕುಂಟೆಯ ಆಚೆ ಒಂದು ಖಾಲಿ ಮನೆ ಹುಡುಕಿ, ಕಿರ್ ಅನ್ನುವ ಬಾಗಿಲು, ಗೆಜ್ಜೆ ಸದ್ದು, ಬಿಳಿ ಸೀರೆ, ಬಿಚ್ಚಿದ ಕೂದಲು, ಒಂದನ್ನೂ ಬಿಡದೆ ಚಿತ್ರೀಕರಿಸಿದೆವು. ಕ್ಲಾಸಿನಲ್ಲಿ ತೋರಿಸಿದರೆ ಹಿಂದಿನ ಬೆಂಚಿನವರು, "ಈಗ ಬಾಗಿಲು ತೆರ್ಕೊಳ್ಳುತ್ತೆ, ಈಗ ತಿರುಗ್ತಾಳೆ" ಅಂತ ನಮಗಿಂತ ಮುಂಚೆಯೇ ಹೇಳಿ ನಗುತ್ತಿದ್ದರು. ಮೇಡಂ ನಗಲಿಲ್ಲ. "ಎಲ್ಲ ನಿಯಮಾನೂ ಪಾಲಿಸಿದ್ದೀರಿ. ಯಾವುದನ್ನ ಪ್ರಶ್ನೆ ಮಾಡಿದ್ರಿ?" ಅಂತ ಕೇಳಿ, ಇನ್ನೊಮ್ಮೆ ಮಾಡಿಕೊಂಡು ಬನ್ನಿ ಅಂದರು.

ಕ್ಯಾಂಟೀನಿನಲ್ಲಿ ಕೂತು ಎರಡನೇ ಸಲ ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡಿದ್ದೆವು. ಆಗ ದೀಪಾ ಹೇಳಿದಳು, "ಮೇಕಪ್ಪೇ ಸರಿ ಇರ್ಲಿಲ್ಲ ಕಣ್ರೋ. ಮುಖದ ತುಂಬ ಬಿಳಿ ಬಿಳಿ ಮಚ್ಚೆ ಹಾಕೋಣ. ಒಂದ್ಸಲ ಕ್ಲೋಸಪ್ಪಲ್ಲಿ ತೋರಿಸಿದ್ರೆ ಎಲ್ರೂ ಬೆಚ್ಚಿಬೀಳ್ತಾರೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅತ್ತೆ. ಅವಳು ನಿನ್ನನ್ನು ನೋಡಿಲ್ಲವಲ್ಲ. ನಾನು ಫೋನ್ ತೆಗೆದು ನಿನ್ನ ಫೋಟೋ ಅವಳ ಮುಂದಿಟ್ಟೆ. "ಇವರು ನಮ್ಮತ್ತೆ. ನನ್ನ ಬೆಳೆಸಿದವರು," ಎಂದೆ. ದೀಪಾ ತುಂಬ ಹೊತ್ತು ನೋಡಿದಳು. "ಸಾರಿ ಸಹನಾ," ಅಂದಳು. ಇರ್ಫಾನ್ ಮೆಲ್ಲಗೆ, "ನಮ್ಮ ಖಾಲಾಗೂ ಇದೆ. ಅಮ್ಮನ ತಂಗಿ," ಅಂದ.

ಆಗ ನಾನು ಅವರಿಗೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆ ಹೇಳಿದೆ. ಬೆಳಗ್ಗೆಯಿಂದ ಕೇಸರಿಬಾತು, ಬಾಳೆಕಾಯಿ ಬಜ್ಜಿ ಎಲ್ಲ ಮಾಡಿಟ್ಟಿದ್ದು ನೀನು. ಕಾರು ನಿಂತ ಸದ್ದಾಗುತ್ತಲೇ ಅಪ್ಪ ನಿನಗೆ, "ಅಕ್ಕ, ನೀನು ಸ್ವಲ್ಪ ಒಳಗಿರು," ಅಂದರು. ನಿನ್ನ ಜೊತೆಗಿರಲಿ ಅಂತ ನನ್ನನ್ನೂ ಕಳಿಸಿದರು. ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ನಗು, ಪಿಸುಮಾತು, ಅಕ್ಕನ ಗೆಜ್ಜೆ. ಬಾಗಿಲ ಕೆಳಗಿನ ಸಂದಿಯಲ್ಲಿ ಯಾರದೋ ಕಾಲಿನ ನೆರಳು ಬಂದು ನಿಂತರೆ ನೀನು ಉಸಿರು ಬಿಗಿಹಿಡಿಯುತ್ತಿದ್ದೆ. ಮನೆ ಹಿಂದಿನ ಹಳಿಯ ಮೇಲೆ ರೈಲು ಹೋದಾಗ ಮೇಲಿನ ಶೆಲ್ಫಿನ ಪಾತ್ರೆಗಳೆಲ್ಲ ಗಡಗಡ ಅಂದವು. ಅಷ್ಟು ದೆವ್ವದ ಸಿನಿಮಾ ನೋಡಿ ನಗುತ್ತಿದ್ದವಳು ಅವತ್ತು, ಹಾಡುಹಗಲಲ್ಲಿ, ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ...

ನಾನು ಹೇಳಿ ಮುಗಿಸಿದಾಗ ಇರ್ಫಾನ್, "ಇದೇ ನಮ್ಮ ಓಪನಿಂಗ್ ಗುರು," ಅಂದ. ಹೌದಲ್ಲವಾ ಅತ್ತೆ? ಎಲ್ಲ ಅಲ್ಲೇ ಇತ್ತು. ಗೆಜ್ಜೆ, ನೆರಳು, ತಾವಾಗೇ ಅಲುಗುವ ಪಾತ್ರೆಗಳು, ಮುಚ್ಚಿದ ಬಾಗಿಲು. ನೋಡುವವರು ಒಳಗೊಂದು ದೆವ್ವ ಇದೆ ಅಂತ ಕಾಯುತ್ತಾರೆ. ಬಾಗಿಲು ತೆರೆದರೆ, ಕಿಟಕಿಯ ಬೆಳಕಲ್ಲಿ ಒಬ್ಬ ಹೆಂಗಸು. ಹೆದರಿರುವವಳು ಅವಳೇ.

ಇರ್ಫಾನ್‌ನ ನಸ್ರೀನ್ ಖಾಲಾರನ್ನು ಆ ಪಾತ್ರ ಮಾಡ್ತೀರಾ ಅಂತ ಕೇಳಲು ಹೋದೆವು. ಅವರು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಕಥೆ ಪೂರ್ತಿ ಕೇಳಿ, "ಮಾಡ್ತೀನಿ. ಆದರೆ ನಾನು ಅಳಲ್ಲ. ಅಳಬೇಕು ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ," ಅಂದರು. ಆಮೇಲೆ, "ಒಳಗೆ ಕೂತು ನಿಮ್ಮತ್ತೆ ಏನ್ ಮಾಡ್ತಿದ್ರು?" ಅಂತ ವಿಚಾರಿಸಿದರು. "ಮೊದಲು ನನ್ನ ಕೈ ಹಿಡಿದಿದ್ದರು, ಸ್ವಲ್ಪ ಹೊತ್ತಾದ ಮೇಲೆ ಬ್ಲೌಸ್ ಎತ್ತಿಕೊಂಡು ಹುಕ್ಕು ಹಾಕೋಕೆ ಶುರು ಮಾಡಿದರು," ಎಂದೆ. ಚಿತ್ರೀಕರಣ ನಿನ್ನದೇ ಕೋಣೆಯಲ್ಲಿ ನಡೆಯಿತು. ಪಾತ್ರೆ ಅಲುಗಲಿ ಅಂತ ರೈಲಿಗೆ ಕಾದು ಕೂತಿದ್ದೆವು. ಕೊನೆಗೆ ಬಾಗಿಲು ತೆರೆಯುತ್ತದೆ, ಖಾಲಾ ಸೂಜಿಯಿಂದ ತಲೆಯೆತ್ತಿ, "ಹೋದ್ರಾ ಅವರು?" ಅನ್ನುತ್ತಾರೆ. ನೀನು ಅವತ್ತು ಕೇಳಿದ ಮಾತು. ಅಲ್ಲಿಗೆ ನಮ್ಮ ಮೂರು ನಿಮಿಷ ಮುಗಿಯುತ್ತದೆ.

ಕಾಲೇಜಿನಲ್ಲಿ ಮನೆಯವರನ್ನೆಲ್ಲ ಕರೆದು ತೋರಿಸಿದ ದಿನ ಅಪ್ಪ, ಅಕ್ಕ, ಭಾವ ಬಂದಿದ್ದರು, ಖಾಲಾ ಕೂಡ. ಪಾತ್ರೆ ಅಲುಗಿದಾಗ ಜನ ನಿಜವಾಗಿಯೂ ಬೆಚ್ಚಿದರು. ಬಾಗಿಲು ತೆರೆದಾಗ ಯಾರೂ ನಗಲಿಲ್ಲ. ಹೊರಗೆ ಬಂದ ಮೇಲೆ ಭಾವ ಅಕ್ಕನನ್ನು ಕೇಳಿದರು, "ಅವತ್ತು ನಾವು ಬಂದಾಗ ಸರೋಜತ್ತೆ ಒಳಗೇ ಇದ್ರಾ? ಊರಿಗೆ ಹೋಗಿದ್ದಾರೆ ಅಂದಿದ್ರಿ." ಅಕ್ಕ ತಲೆ ತಗ್ಗಿಸಿದಳು. ಅಪ್ಪನೇ ಉತ್ತರ ಕೊಟ್ಟರು. "ಒಳಗಿರು ಅಂತ ನಾನೇ ಹೇಳಿದ್ದು. ಯಾಕೆ ಅಂತ ಅವಳು ಒಂದ್ ಮಾತು ಕೇಳ್ಲಿಲ್ಲ. ಕೇಳಿದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ." ಭಾವ, "ಅವತ್ತಿನ ಬಜ್ಜಿ ತಿಂದೇ ನಾನು ಈ ಮನೆ ಒಪ್ಪಿದ್ದು ಮಾವ. ಮಾಡಿದವರನ್ನೂ ಅವತ್ತೇ ನೋಡ್ಬಹುದಿತ್ತು," ಅಂದರು. ಅಪ್ಪ ಖಾಲಾರ ಹತ್ತಿರ ಹೋಗಿ ಕೈ ಮುಗಿದರು. ಖಾಲಾ, "ಮನೆಗೆ ಬನ್ನಿ, ಚಹಾ ಕುಡಿಯೋಣ," ಅಂದುಬಿಟ್ಟರು.

ಆ ವಾರವೇ ಅಪ್ಪ ನಡುಮನೆಯ ಗೋಡೆಯಿಂದ ನಿನ್ನ ಫೋಟೋ ಇಳಿಸಿದರು. ಸ್ಟುಡಿಯೋದವರು ಮಚ್ಚೆಯೆಲ್ಲ ಅಳಿಸಿ ಮುಖವನ್ನು ಒಂದೇ ಬಣ್ಣ ಮಾಡಿಕೊಟ್ಟಿದ್ದ ಫೋಟೋ ಅದು. ನನಗೆ ಯಾವತ್ತೂ ಯಾರೋ ಬೇರೆಯವರ ಹಾಗೆ ಕಾಣುತ್ತಿತ್ತು. ಅದೇ ಫ್ರೇಮಿಗೆ ಈಗ ನಾನು ತೆಗೆದ ಫೋಟೋ ಹಾಕಿಸಿದ್ದಾರೆ. ಟೆರೇಸಿನ ಮೇಲೆ ಹಪ್ಪಳ ಒಣಗಿಸುತ್ತಾ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದೀಯ. ಬಂದವರೆಲ್ಲ ನೋಡುತ್ತಾರೆ.

ಇನ್ನೊಂದು ವಿಷಯ ಹೇಳಬೇಕು. ಮೊನ್ನೆ ಮೊದಲ ವರ್ಷದ ಹುಡುಗಿಯೊಬ್ಬಳು ಎಡಿಟಿಂಗ್ ರೂಮಿಗೆ ಬಂದಳು. ಭವ್ಯ ಅಂತ, ಅಬ್ಬಿಗೆರೆಯಿಂದ ಬರುತ್ತಾಳೆ. ಎಷ್ಟು ಸೆಕೆಯಿದ್ದರೂ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡೇ ಇರುತ್ತಿದ್ದವಳು. ಅವತ್ತು ಸ್ಕಾರ್ಫ್ ಇರಲಿಲ್ಲ. ಗಲ್ಲದಿಂದ ಕುತ್ತಿಗೆಯವರೆಗೆ ಬಿಳಿ ಮಚ್ಚೆ. ಬಾಗಿಲಲ್ಲೇ ನಿಂತು, "ಅಕ್ಕಾ, ನಿಮ್ಮ ಮುಂದಿನ ಸಿನಿಮಾದಲ್ಲಿ ನಂಗೊಂದು ಪಾತ್ರ ಕೊಡ್ತೀರಾ? ದೆವ್ವ ಬೇಡ. ಕಷ್ಟಪಡೋದೂ ಬೇಡ. ಲವ್ ಸ್ಟೋರಿ ಇದ್ರೆ ಹೇಳಿ," ಅಂದಳು. ಪಕ್ಕದಲ್ಲಿದ್ದ ದೀಪಾ ಹೆಡ್‌ಫೋನ್ ತೆಗೆದು, "ಇಲ್ದಿದ್ರೆ ಬರೀತೀವಿ, ಬಾ ಕೂತ್ಕೊ," ಅಂದಳು.

ಬರೆಯುತ್ತಿದ್ದೇವೆ ಅತ್ತೆ. ಭವ್ಯಳೇ ನಾಯಕಿ. ಮೊದಲ ದೃಶ್ಯ ಹೆಬ್ಬಾಳ ಕೆರೆಯ ದಂಡೆಯ ಮೇಲೆ, ಒಳ್ಳೆ ಬೆಳಗಿನ ಬಿಸಿಲಲ್ಲಿ. ಹಳದಿ ಚೂಡಿದಾರ ಬೇಕಂತೆ ಅವಳಿಗೆ. ನಿನ್ನೆ ಜಾಗ ನೋಡಲು ಹೋದಾಗ, "ಅಕ್ಕಾ, ನನ್ನನ್ನ ಹತ್ತಿರದಿಂದಾನೇ ತೆಗೀತೀರಾ?" ಅಂತ ಕೇಳಿದಳು.

ತುಂಬಾ ಹತ್ತಿರದಿಂದ, ಎಂದೆ.

ನಿನ್ನ
ಸಹನಾ